ಮನೆಗೆ ಬೀಗ ಹಾಕಿದ ದಿನ

ನಮ್ಮ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಜಾಗವೆಲ್ಲ ರೇಷ್ಮೆ ಹುಳಗಳದ್ದು. ಮಿಕ್ಕಿದ್ದರಲ್ಲಿ ನಾವು ಇದ್ದೆವು. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ಇದೇನೂ ವಿಶೇಷವಲ್ಲ, ಯಾರ ಮನೆಗೆ ಹೋದರೂ ಇದೇ ಏರ್ಪಾಡು. ಬೀದಿ ಬಾಗಿಲು ದಾಟಿದರೆ ಮೂರಂಕಣದ ದೊಡ್ಡ ಪಡಸಾಲೆ. ಬಂದವರು ಚಾಪೆ ಹಾಸಿಕೊಂಡು ಆರಾಮಾಗಿ ಕೂರಬಹುದಾದಂಥ ಜಾಗ. ಆದರೆ ಅಲ್ಲಿ ನೆಲದಿಂದ ಸೂರಿನವರೆಗೆ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳ. ಬಂದವರನ್ನು ನಾವು ಜಗುಲಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದೆವು. ಅಪ್ಪ, ಅಮ್ಮ, ಅಜ್ಜಿ, ನಾನು, ನನ್ನ ತಮ್ಮ ಮಂಜ, ಇಷ್ಟು ಜನವೂ ಅಡುಗೆಮನೆಗೂ ಹಿತ್ತಿಲಿಗೂ ನಡುವೆ ಇದ್ದ ಓಣಿಯಂಥ ಕೋಣೆಯಲ್ಲಿ ಒಬ್ಬರ ಕಾಲ ಹತ್ತಿರ ಇನ್ನೊಬ್ಬರು ತಲೆಯಿಟ್ಟು ಮಲಗಬೇಕಿತ್ತು. ಹುಳದ ಮನೆಗೆ ಹೋಗುವ ಮುಂಚೆ ಕಾಲು ತೊಳೆಯಬೇಕು, ಊದುಬತ್ತಿ ಹಚ್ಚಬಾರದು, ಘಮಘಮ ಎಣ್ಣೆ ತಲೆಗೆ ಹಾಕಬಾರದು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅವು ಕೊನೆಯ ಜ್ವರದಿಂದ ಎದ್ದ ಮೇಲೆ ಯಾರಾದರೂ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಅಜ್ಜಿ ಸೌಟು ಹಿಡಿದೇ ಬರುತ್ತಿದ್ದಳು. ಒಂದು ಸಲ ನನಗೆ ನಿಜವಾದ ಜ್ವರ ಬಂದಾಗ ಅಜ್ಜಿ ಮೊದಲು ಕೇಳಿದ್ದು, ನಾನು ಹುಳದ ಹತ್ತಿರ ಹೋಗಿದ್ದೆನಾ ಅಂತ. ನನ್ನಿಂದ ಹುಳಕ್ಕೆ ಏನಾದರೂ ಅಂಟೀತು ಅನ್ನುವ ಭಯ ಅವಳಿಗೆ. ಆವತ್ತು ನನಗೆ ಬಂದ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ.

ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು, ಕೊನೆಯ ವಾರದಲ್ಲಿ ಐದು ಸಲ. ಮೊದಲನೆಯದು ಬೆಳಗಿನ ಜಾವಕ್ಕೆ. ಹೀಗಾಗಿ ನಮ್ಮ ಮನೆಯಲ್ಲಿ ಊಟವೂ ನಿದ್ದೆಯೂ ಪಾಳಿಯ ಮೇಲೆ ನಡೆಯುತ್ತಿದ್ದವು. ಅಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ತರುವಷ್ಟರಲ್ಲಿ ಮಕ್ಕಳದ್ದು ಊಟ ಆಗಿರಬೇಕು. ಅಪ್ಪ ಉಣ್ಣುವಾಗ ಅಜ್ಜಿ ಸೊಪ್ಪು ಹೆಚ್ಚಬೇಕು. ಅಜ್ಜಿ ಉಣ್ಣುವಾಗ ಅಮ್ಮ ತಟ್ಟೆಗಳಿಗೆ ಸೊಪ್ಪು ಹರಡಬೇಕು. ಅಮ್ಮ ಯಾವಾಗ ಉಣ್ಣುತ್ತಿದ್ದಳು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನಾನು ನೋಡುವ ಹೊತ್ತಿಗೆ ಅವಳು ಪಾತ್ರೆ ತೊಳೆಯುತ್ತಾ ಇರುತ್ತಿದ್ದಳು. ಅವಳು ಮಲಗಿದ್ದನ್ನೂ ನಾನು ಕಂಡವಳಲ್ಲ. ನಾನು ಮಲಗುವಾಗ ಅವಳು ಎದ್ದಿರುತ್ತಿದ್ದಳು, ನಾನು ಏಳುವಾಗಲೂ ಎದ್ದಿರುತ್ತಿದ್ದಳು. ಅಮ್ಮಂದಿರಿಗೆ ನಿದ್ದೆ ಅನ್ನುವುದೇ ಇರುವುದಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ.

ಅಮ್ಮನ ತವರು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಅಲ್ಲೂ ಹುಳ. ಹುಳದ ಮನೆಯಲ್ಲಿ ಹುಟ್ಟಿ ಹುಳದ ಮನೆಗೇ ಸೊಸೆಯಾಗಿ ಬಂದವಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸೋದರಮಾವ ಅಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡ. ನಮ್ಮ ಹುಳ ಆಗ ಕೊನೆಯ ಹಂತದಲ್ಲಿದ್ದವು. ಅಮ್ಮ ಮೊದಲ ಬಸ್ಸಿಗೆ ಹೋಗಿ, ಮಾವನ ಕೈಗೆ ಸೀರೆ ಪಂಚೆ ಕೊಟ್ಟು, ಊಟದ ಪಂಕ್ತಿ ಶುರುವಾಗುವ ಮುಂಚೆಯೇ ಬಸ್ಸು ಹತ್ತಿ ಬಂದುಬಿಟ್ಟಳು. ಬಂದವಳು ಸೀರೆ ಬದಲಿಸಿ ಸೀದಾ ತಟ್ಟೆಗಳ ಹತ್ತಿರ ಹೋದಳು. ಸಂಜೆ ಸೊಪ್ಪು ಹರಡುತ್ತಾ ಹರಡುತ್ತಾ, ಅಪ್ಪನ ಕಡೆ ತಿರುಗಿಯೂ ನೋಡದೆ ಮಾತು ತೆಗೆದಳು. ಅಮ್ಮ ಜೋರಾಗಿ ಜಗಳ ಆಡುವವಳಲ್ಲ. ಅವಳು ಮೆತ್ತಗೆ ಮಾತಾಡಿದರೇ ನಮಗೆಲ್ಲ ಹೆದರಿಕೆ.

"ಎಲ್ಲಾದ್ರೂ ಒಂದಿನ ಹೋಗಣ. ಎಲ್ರೂ. ಬೆಳಗ್ಗೆ ನನ್ನ ಯಾರೂ ಎಬ್ಬಿಸ್ಬಾರ್ದು. ಸೀರೆ ಬ್ಯಾಡ, ಒಡವೆ ಬ್ಯಾಡ, ಇಷ್ಟು ಮಾಡು ಸಾಕು."

"ನಿಮ್ಮಮ್ಮನ ಮನೇಗೆ ಹೋಗಿ ನಾಲ್ಕು ದಿನ ಇದ್ಬಾ," ಅಂದ ಅಪ್ಪ.

"ಅಲ್ಲೂ ಹುಳಾನೇ ಅಲ್ವಾ? ಮನೆ ಅಂತ ಇರೋ ಕಡೆ ಕೆಲಸ ಇದ್ದೇ ಇರತ್ತೆ. ಕೆಲಸ ಇದ್ರೆ ನಾನು ಮಲಗಲ್ಲ. ಮನೇನೇ ಇಲ್ದಿರೋ ಕಡೆ ಕರ್ಕೊಂಡ್ಹೋಗು."

ಒಳಗಿಂದ ಅಜ್ಜಿಯ ಧ್ವನಿ ಬಂತು.

"ಹುಳ ಇರೋ ಮನೇಲಿ ನಿದ್ದೆ ಮಾತು ಯಾಕಮ್ಮ? ನಾನೇನು ಮಲಗಿದ್ನಾ?"

ಅದು ಸುಳ್ಳಲ್ಲ. ಅಜ್ಜಿಯೂ ಮಲಗಿರಲಿಲ್ಲ. ಅಮ್ಮ ಸೊಪ್ಪು ಹರಡಿ ಮುಗಿಸಿ ಕೈ ತೊಳೆಯಲು ಹೋದಳು.

ಅಪ್ಪನಿಗೆ ಅಮ್ಮನ ಮಾತು ನಾಟಿತ್ತು ಅಂತ ನಮಗೆ ತಿಳಿದದ್ದು ವ್ಯಾನು ಬಂದಾಗ. ಸರ್ಕಾರದವರು ಹರಾಜಿಗೆ ಬಿಟ್ಟಿದ್ದ ಹಳೆಯ ಆಸ್ಪತ್ರೆ ವ್ಯಾನು ಅದು. ಹಿಂದೆ ಊರೂರು ತಿರುಗಿ ಮಾತ್ರೆ ಹಂಚಿ, ಮಕ್ಕಳಿಗೆ ಸೂಜಿ ಚುಚ್ಚಿ, ಕುಟುಂಬ ಯೋಜನೆಯ ಬುದ್ಧಿ ಹೇಳಿ ಸವೆದು ಹೋಗಿತ್ತು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಸಾಗಿಸುವುದಕ್ಕೆ ಅಂತ ಅಪ್ಪ ಅಜ್ಜಿಗೆ ಹೇಳಿದ. ನನಗೆ ಮಾತ್ರ ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಳಗೆ ತೋರಿಸಿದ. ರೋಗಿ ಮಲಗುವ ಒಂದು ಮಂಚ, ಡಾಕ್ಟರು ಕೈ ತೊಳೆಯುವ ಪುಟ್ಟ ಸಿಂಕು, ಔಷಧಿಯ ಕಪಾಟು, ಎರಡು ಬೆಂಚು. "ಇದು ಮನೆ ಅಲ್ಲ, ಮನೆಯಂಗೆ ಐತೆ, ಅಲ್ವೇನಮ್ಮ?" ಅಂತ ಕೇಳಿದ. ಮಂಚಕ್ಕೆ ಹೊಸ ಹಗ್ಗ ಬಿಗಿದ, ಕಪಾಟಿನಲ್ಲಿ ರಾಗಿಹಿಟ್ಟು ಬೆಲ್ಲ ಇಡಲು ಡಬ್ಬಿ ಜೋಡಿಸಿದ, ಕಿಟಕಿಗಳಿಗೆ ಅಮ್ಮನ ಹಳೆಯ ಸೀರೆಯ ಪರದೆ ಕಟ್ಟಿದ. ಹೊರಗೆ ನೀಲಿ ಬಣ್ಣವನ್ನು ಎರಡು ಸಲ ಬಳಿದರೂ ಪಕ್ಕದಲ್ಲಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಅಳಿಸಿ ಹೋಗಲಿಲ್ಲ. ನೀಲಿಯೊಳಗಿಂದ ಇಣುಕುತ್ತಲೇ ಇತ್ತು. ಈಗ ನಂದಿಬೆಟ್ಟದ ಸುತ್ತಮುತ್ತ ಗುಡ್ಡದ ಬುಡದಲ್ಲೆಲ್ಲ ಟೆಂಟು ಬಾಡಿಗೆಗೆ ಕೊಡುತ್ತಾರೆ, ಒಳಗೇ ಹಾಸಿಗೆ ಒಲೆ ಇರುವ ವ್ಯಾನುಗಳಲ್ಲಿ ಜನ ಬರುತ್ತಾರೆ, ನನ್ನ ಮಗಳು ಅದರ ಫೋಟೋ ಕಳಿಸುತ್ತಾಳೆ. ಕ್ಯಾಂಪಿಂಗ್ ಅನ್ನುವ ಮಾತು ನಮ್ಮಪ್ಪನ ಕಿವಿಗೆ ಬಿದ್ದಿರಲಿಲ್ಲ. ಹೆಂಡತಿಗೆ ಒಂದು ದಿನ ನಿದ್ದೆ ಮಾಡಲು ಜಾಗ ಬೇಕಿತ್ತು, ಅವನು ಅದನ್ನು ಚಕ್ರದ ಮೇಲೆ ಕಟ್ಟಿದ, ಅಷ್ಟೇ.

ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ ಇನ್ನೊಂದು ಬೆಳೆಯ ಮೊಟ್ಟೆ ಬರುವವರೆಗೆ ಏಳೆಂಟು ದಿನ ಬಿಡುವು. ಬಿಡುವು ಅನ್ನುವುದು ಹೆಸರಿಗೆ. ಆಗ ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಮುಂದಿನ ಹುಳಕ್ಕೆ ರೋಗ ತಗುಲದ ಹಾಗೆ ಹುಳದ ಮನೆಗೆ ಫಾರ್ಮಾಲಿನ್ ಔಷಧಿ ಹೊಡೆದು, ಕಿಟಕಿ ಬಾಗಿಲ ಸಂದಿಗಳಿಗೆ ಕಾಗದ ಅಂಟಿಸಿ ಮುಚ್ಚಬೇಕು. ಆ ಸಲ ಅಪ್ಪ ಆ ಕೆಲಸವನ್ನೆಲ್ಲ ನಾಲ್ಕೇ ದಿನದಲ್ಲಿ ಮುಗಿಸಿ, ಗೌರಿಬಿದನೂರಿಗೆ ಹೋಗೋಣ ಅಂದ. ಅಲ್ಲಿ ಹೊಳೆ ಇದೆ, ಹೊಳೆಯಲ್ಲಿ ಮರಳು ಇದೆ, ಮರಳಿನ ಪಕ್ಕ ವ್ಯಾನು ನಿಲ್ಲಿಸಿಕೊಂಡು ಇರೋಣ ಅಂತ. ಹೊಳೆ ಅನ್ನುವುದನ್ನು ನಾವು ಮಕ್ಕಳು ಪಾಠದ ಪುಸ್ತಕದಲ್ಲಿ ಮಾತ್ರ ನೋಡಿದ್ದು. ಹೋಗುವುದಾದರೆ ಅಜ್ಜಿಯೂ ಬರಬೇಕು. ಅವಳೊಬ್ಬಳೇ ಮನೆಯಲ್ಲಿ ಉಳಿದರೆ ಅಮ್ಮನಿಗೆ ಕಣ್ಣು ಮುಚ್ಚಲಾಗದು ಅಂತ ಎಲ್ಲರಿಗೂ ಗೊತ್ತು. ಅಜ್ಜಿಗೂ ಗೊತ್ತಿತ್ತು. ಅದಕ್ಕೇ ಅವಳು ಸುಲಭವಾಗಿ ಒಪ್ಪಲಿಲ್ಲ.

"ನಾನು ಈ ಮನೇಗೆ ಬಂದಾಗಿಂದ ಬಾಗಿಲಿಗೆ ಬೀಗ ಬಿದ್ದಿಲ್ಲ ಕಣೋ."

"ಒಂದಿನ ಬೀಳ್ಲಿ ಬಿಡಮ್ಮ."

"ಬೀಗ ಎಲ್ಲೈತೆ ಹಾಕಕ್ಕೆ?"

ನಿಜಕ್ಕೂ ನಮ್ಮ ಮನೆಯಲ್ಲಿ ಬೀಗವೇ ಇರಲಿಲ್ಲ. ಯಾವಾಗಲೂ ಯಾರಾದರೊಬ್ಬರು ಇರುವ ಮನೆಗೆ ಬೀಗ ಯಾಕೆ ಬೇಕು? ಅಪ್ಪ ಪೇಟೆಗೆ ಹೋಗಿ ಅಂಗೈ ಅಗಲದ ಹಿತ್ತಾಳೆ ಬೀಗ ತಂದ. ಅಜ್ಜಿ ಅದನ್ನು ಮೂರು ಸಲ ಹಾಕಿ ತೆಗೆದು ಪರೀಕ್ಷೆ ಮಾಡಿದಳು. ಕೊನೆಗೆ ಮಂಜ ಅವಳ ಸೊಂಟ ತಬ್ಬಿಕೊಂಡು, ನೀನು ಬರದಿದ್ದರೆ ನಾನೂ ಹೋಗಲ್ಲ ಅಂತ ಅತ್ತ ಮೇಲೆ, ಬೀಗದ ಕೈ ತನ್ನ ಹತ್ತಿರವೇ ಇರಬೇಕು, ತಾನು ಹೇಳಿದ ತಕ್ಷಣ ವ್ಯಾನು ಮನೆಗೆ ತಿರುಗಬೇಕು, ಈ ಎರಡು ಷರತ್ತಿನ ಮೇಲೆ ಒಪ್ಪಿದಳು. ಎರಡನೇ ಷರತ್ತು ಕೇಳಿ ಅಮ್ಮನ ಮುಖ ಸ್ವಲ್ಪ ಇಳಿಯಿತು. ಅದನ್ನು ನಾನು ನೋಡಿದೆ.

ಹೊರಡುವ ಹಿಂದಿನ ದಿನ ಅಪ್ಪ ಮಾಡಿದ ಕೆಲಸವನ್ನು ನಮ್ಮ ಸೀಮೆಯವನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆ ವ್ಯಾನಿನಲ್ಲಿ ಎಷ್ಟು ಊರಿನ ಎಷ್ಟು ರೋಗಿಗಳು ಕೂತೆದ್ದಿದ್ದರೋ, ಮಂಚದಲ್ಲಿ ತಿಗಣೆ ಇದ್ದರೂ ಇರಬಹುದು, ಹೆಂಡತಿ ನೆಮ್ಮದಿಯಾಗಿ ಮಲಗುವ ಜಾಗ ಚೊಕ್ಕಟವಾಗಿರಲಿ ಅನ್ನುವುದು ಅವನ ಆಸೆ. ಚೊಕ್ಕಟ ಅಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ವಿಧಾನ. ಹುಳದ ಮನೆಗೆ ಹೊಡೆಯುವ ಹಾಗೆ ವ್ಯಾನಿಗೂ ಫಾರ್ಮಾಲಿನ್ ಹೊಡೆದ. ಮೂರಂಕಣದ ಪಡಸಾಲೆಗೆ ಎಷ್ಟು ಹೊಡೆಯುತ್ತಿದ್ದನೋ ಅಷ್ಟನ್ನೂ ಹೊಡೆದ. ಕಿಟಕಿಗಳ ಸಂದಿಗೆಲ್ಲ ಹಳೆಯ ಪೇಪರು ಅಂಟಿಸಿ, ಬಾಗಿಲು ಬಿಗಿಯಾಗಿ ಮುಚ್ಚಿ, ಕೈ ಒರೆಸಿಕೊಂಡು ಬಂದು ಊಟ ಮಾಡಿ ಮಲಗಿದ. ಹುಳದ ಮನೆಯಾದರೆ ಆಮೇಲೆ ಎರಡು ದಿನ ಬಾಗಿಲು ತೆರೆದು ಗಾಳಿಗೆ ಬಿಡಬೇಕು. ಆ ಎರಡು ದಿನದ ವಿಷಯ ಅವನಿಗೆ ನೆನಪಾದದ್ದು ನಾವೆಲ್ಲ ಒಳಗೆ ಕೂತ ಮೇಲೆ.

ಮೊದಲು ಮಂಜ ಕೆಮ್ಮಿದ. ಆಮೇಲೆ ನನ್ನ ಕಣ್ಣಿನಿಂದ ನೀರು ಸುರಿಯಲು ಶುರುವಾಯಿತು. ಅಪ್ಪ ಪೇಪರನ್ನೆಲ್ಲ ಕಿತ್ತು ಕಿಟಕಿ ತೆಗೆದ, ಹಿಂದಿನ ಬಾಗಿಲನ್ನೂ ತೆರೆದು ಹಗ್ಗದಿಂದ ಕಟ್ಟಿದ. ಊರು ದಾಟಿ ಗಾಳಿ ಆಡಿದರೆ ವಾಸನೆ ಹೋಗುತ್ತದೆ ಅಂದ. ವ್ಯಾನು ನಿಧಾನವಾಗಿ ಊರ ಬೀದಿಯಲ್ಲಿ ಹೊರಟಿತು. ಜಗುಲಿಗಳ ಮೇಲಿದ್ದವರಿಗೆ ಕಂಡದ್ದು ಇಷ್ಟು: ಆಸ್ಪತ್ರೆ ವ್ಯಾನು, ಅದರ ಮಂಚದ ಮೇಲೆ ನಮ್ಮಜ್ಜಿ, ಸುತ್ತಲೂ ಅಳುತ್ತಿರುವ ನಾವು. ಅರಳಿಕಟ್ಟೆ ಹತ್ತಿರ ನಾಲ್ಕು ಜನ ಓಡಿಬಂದು ವ್ಯಾನು ನಿಲ್ಲಿಸಿಬಿಟ್ಟರು.

"ಅಯ್ಯೋ, ಅಜ್ಜಿಗೆ ಏನಾಯ್ತಪ್ಪಾ? ನಿನ್ನೆ ಚೆನ್ನಾಗೇ ಇದ್ರಲ್ಲ!"

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಎದ್ದು ಕೂತಳು.

"ನನಗೇನೂ ಆಗಿಲ್ಲ ಕಣೋ! ಗಟ್ಟಿಮುಟ್ಟಾಗಿದೀನಿ! ಟೂರು ಹೋಗ್ತಾ ಇದೀವಿ!"

ಅಳುತ್ತಾ ಟೂರು ಹೋಗುವವರನ್ನು ನಮ್ಮೂರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರು ದಾರಿ ಬಿಟ್ಟರು, ಆದರೆ ನಂಬಲಿಲ್ಲ. ನಾವು ವಾಪಸು ಬಂದ ಮೇಲೆಯೂ ಎರಡು ಮೂರು ಜನ ಎಳನೀರು ಹಿಡಿದುಕೊಂಡು ಅಜ್ಜಿಯನ್ನು ನೋಡಿಕೊಂಡು ಹೋದರು.

ದಾರಿಯುದ್ದಕ್ಕೂ ನಮ್ಮ ಸಡಗರಕ್ಕೆ ಮಿತಿಯೇ ಇರಲಿಲ್ಲ. ನಾನೂ ಮಂಜನೂ ಒಂದೊಂದು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬಾಯಿ ತೆರೆದು ಗಾಳಿ ಕುಡಿಯುತ್ತಾ ಕೂಗುತ್ತಿದ್ದೆವು. ಅಮ್ಮನೂ ಮೂರನೇ ಕಿಟಕಿಯಿಂದ ತಲೆ ಹಾಕಿದಳು. ಅವಳ ಜಡೆ ಬಿಚ್ಚಿಕೊಂಡು ಹಾರುತ್ತಿತ್ತು, ಕಣ್ಣು ಮೂಗು ಸುರಿಯುತ್ತಿತ್ತು, ಅವಳು ನಗುತ್ತಿದ್ದಳು. ಅಮ್ಮ ಅಷ್ಟು ಚೆಂದ ಇದ್ದಾಳೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಅಜ್ಜಿ ಮಾತ್ರ ಮೇಕೆಯ ಹಾಗೆ ಕತ್ತು ಹೊರಗೆ ಹಾಕಲು ಒಪ್ಪದೆ, ಮುಖಕ್ಕೆ ಒದ್ದೆ ಟವೆಲು ಸುತ್ತಿಕೊಂಡು ಸರ್ಕಾರವನ್ನೂ ಮಗನನ್ನೂ ಒಟ್ಟೊಟ್ಟಿಗೆ ಬೈಯುತ್ತಿದ್ದಳು. ಚಿಕ್ಕಬಳ್ಳಾಪುರ ಬಂತು. ಗೌರಿಬಿದನೂರಿಗೆ ತಿರುಗುವ ಕಡೆ ಅಪ್ಪ ತಿರುಗಲಿಲ್ಲ; ಅವನ ಕಣ್ಣಲ್ಲೂ ನೀರು ತುಂಬಿ, ದಾರಿಯ ಬೋರ್ಡು ಕಂಡಿರಲಿಲ್ಲ. ಬಹಳ ದೂರ ಬಂದಾದ ಮೇಲೆ ಇಳಿದು ವಿಚಾರಿಸಿದರೆ ನಾವು ಮಂಡಿಕಲ್ಲಿನ ದಾರಿಯಲ್ಲಿದ್ದೆವು. ಗೌರಿಬಿದನೂರಿನ ತಿರುವು ಬೆನ್ನ ಹಿಂದೆ ಎಲ್ಲೋ ಉಳಿದಿತ್ತು.

"ಇಲ್ಲೇ ಸಾಕು. ಇನ್ನು ನನ್ ಕೈಲಾಗಲ್ಲ," ಅಂದಳು ಅಮ್ಮ ಮೂಗು ಒರೆಸಿಕೊಳ್ಳುತ್ತಾ. ಎಡಗಡೆ ಒಂದು ಕೆರೆ ಕಾಣುತ್ತಿತ್ತು. ಏರಿಯ ಕೆಳಗೆ ದೊಡ್ಡ ಹೊಂಗೆ ಮರ, ಪಕ್ಕದಲ್ಲಿ ಆನೆ ಮಲಗಿದಂಥ ಒಂದು ಬಂಡೆ. ಹೊಳೆಯೂ ಇಲ್ಲ, ಮರಳೂ ಇಲ್ಲ. ಅಪ್ಪ ವ್ಯಾನನ್ನು ನೆರಳಿಗೆ ಹಾಕಿ, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟ. ಒಳಗೆ ಎರಡು ನಿಮಿಷ ಯಾರೂ ನಿಲ್ಲುವ ಹಾಗಿರಲಿಲ್ಲ. ಹೊಸ ಹಗ್ಗದ ಮಂಚ, ಸೀರೆಯ ಪರದೆ, ಜೋಡಿಸಿಟ್ಟ ಡಬ್ಬಿಗಳು, ಇಷ್ಟೆಲ್ಲ ಮಾಡಿದ ವ್ಯಾನು ಖಾಲಿ ನಿಂತಿತು. ಆ ಸಂಸಾರವೆಲ್ಲ ಮರದ ಕೆಳಗೆ ಇಳಿಯಿತು. ಚಾಪೆ, ಜಮಖಾನ, ಪಾತ್ರೆ, ಒಲೆಗೆ ಮೂರು ಕಲ್ಲು. ಅಪ್ಪನ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ನಮಗೆ ಮಕ್ಕಳಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಏನೂ ಆಗಲು ಸಾಧ್ಯವಿರಲಿಲ್ಲ. ಬಂಡೆಯ ಮೇಲಿನಿಂದ ಜಾರಿ ಜಾರಿ ಮಂಜನ ಚಡ್ಡಿಯ ಹಿಂಭಾಗ ಮಧ್ಯಾಹ್ನದೊಳಗೆ ಹರಿದುಹೋಯಿತು.

ಅಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಒಲೆ ಹೂಡಲು ಕೂತಿದ್ದಳು. ಅಪ್ಪ ಹೋಗಿ ಅವಳ ಕೈಯಿಂದ ಮುದ್ದೆ ಕೋಲು ಕಿತ್ತುಕೊಂಡ. ಇವತ್ತು ನೀನು ಏನೂ ಮುಟ್ಟಬಾರದು, ನಾನೇ ಮಾಡುತ್ತೇನೆ ಅಂತ ಹಟ ಹಿಡಿದ. ಅವನು ಮಾಡಿದ ಮುದ್ದೆ ಗಂಟು ಗಂಟಾಗಿ, ಹೊರಗೆ ಅಂಟಂಟಾಗಿ, ಒಳಗೆ ಹಸಿ ಹಿಟ್ಟು ಹಾಗೇ ಉಳಿದಿತ್ತು. ನಾವು ಬಿದ್ದು ಬಿದ್ದು ನಕ್ಕೆವು. ಅಜ್ಜಿ ನಗಲಿಲ್ಲ. ಮಗ ಹೊಗೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಾನೆ, ಸೊಸೆ ಮರಕ್ಕೆ ಒರಗಿ ಕೂತಿದ್ದಾಳೆ, ದಾರಿಯಲ್ಲಿ ಹೋಗುವ ಬರುವವರೆಲ್ಲ ನೋಡುತ್ತಿದ್ದಾರೆ. ಅವಳಿಗೆ ಅದನ್ನು ಸಹಿಸಲು ಆಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಸಾಕು. ನಡಿ ಮನೇಗೆ. ನೀನು ಮಾತು ಕೊಟ್ಟಿದೀಯ."

"ಅಮ್ಮಾ, ಈಗ ಬಂದಿದೀವಿ..."

"ಮಲಗಕ್ಕೆ ಜಾಗ ಇಲ್ಲ, ತಿನ್ನಕ್ಕೆ ಕೂಳಿಲ್ಲ, ಯಾವ ಸುಖಕ್ಕೆ ಇಲ್ಲಿರೋದು? ನಡಿ ಅಂದ್ರೆ ನಡಿ."

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಎದ್ದು, ತಟ್ಟೆಗಳನ್ನು ಒಂದರ ಮೇಲೆ ಒಂದು ಜೋಡಿಸಲು ಶುರು ಮಾಡಿದಳು. ಒಂದು ಮಾತಾದರೂ ಆಡಿದ್ದರೆ, ಅತ್ತಿದ್ದರೆ, ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಈಗ ವಾಪಸು ಹೋದರೆ ಅಮ್ಮ ಇನ್ನೆಂದೂ ಏನನ್ನೂ ಕೇಳುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು. ಹತ್ತು ವರ್ಷದ ನನಗೆ ಅಜ್ಜಿಯ ಮೇಲೆ ಅಷ್ಟು ಕೋಪ ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಮಂಜನ ಕೈ ಹಿಡಿದು ಬಂಡೆಯ ಹಿಂದೆ ಬಚ್ಚಿಟ್ಟುಕೊಂಡರೆ ನಮ್ಮನ್ನು ಹುಡುಕುವಷ್ಟರಲ್ಲಿ ಕತ್ತಲಾಗಿ ಇಲ್ಲೇ ಉಳಿಯಬೇಕಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಏರಿಯ ಮೇಲಿನಿಂದ ಒಬ್ಬಳು ಹೆಂಗಸು ಇಳಿದು ಬಂದಳು. ಇನ್ನೂ ಚಿಕ್ಕ ವಯಸ್ಸು, ಹೆಗಲ ಮೇಲೆ ಕೂಸು, ಕೂಸು ಕಿರುಚಿ ಕಿರುಚಿ ಕೆಂಪಗಾಗಿತ್ತು. ಅವಳು ವ್ಯಾನಿನ ತ್ರಿಕೋನ ನೋಡಿದಳು, ತೆರೆದ ಬಾಗಿಲಿನಿಂದ ಒಳಗಿನ ಮಂಚ ನೋಡಿದಳು, ಮೂಗು ಎಳೆದು ಆ ಔಷಧಿ ವಾಸನೆ ನೋಡಿದಳು. ಇನ್ನೇನು ಸಂಶಯ? ನಮ್ಮಲ್ಲೆಲ್ಲ ದೊಡ್ಡವಳಾಗಿ, ಗತ್ತಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅಜ್ಜಿಯ ಹತ್ತಿರವೇ ಹೋದಳು.

"ಅವ್ವಾ, ಬಿಡ್ಡ ರಾತ್ರಂತಾ ನಿದ್ರಪೋಲೇದು. ಏಡುಸ್ತಾನೇ ಉಂದಿ."

ರಾತ್ರಿಯೆಲ್ಲ ಮಗು ನಿದ್ದೆ ಮಾಡಿಲ್ಲ, ಅಳುತ್ತಲೇ ಇದೆ ಅಂತ. ನಮ್ಮಜ್ಜಿ ಆಂಧ್ರದ ಗಡಿಯ ಕಡೆಯವಳು, ತೆಲುಗು ಅವಳಿಗೆ ತವರಿನ ಮಾತು. ಮನೆಯಲ್ಲಿ ಬೈಯುವಾಗ ಬಿಟ್ಟರೆ ಅದನ್ನು ಆಡಲು ಅವಳಿಗೆ ಸಂದರ್ಭವೇ ಸಿಗುತ್ತಿರಲಿಲ್ಲ. ನಾವು ಡಾಕ್ಟರ ಕಡೆಯವರಲ್ಲ, ಬರೀ ಹುಳ ಸಾಕುವವರು ಅಂತ ಅಪ್ಪ ಹೇಳಲು ಬಾಯಿ ತೆರೆದ. ಅಜ್ಜಿ ಅವನನ್ನು ಒಂದು ಸಲ ನೋಡಿದಳು. ಅವನು ಬಾಯಿ ಮುಚ್ಚಿದ. ಅವಳು ಚಾಪೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಇಸಿದುಕೊಂಡು ಬೋರಲು ಮಲಗಿಸಿ ಬೆನ್ನು ತಟ್ಟಿದಳು, ಹೊಟ್ಟೆ ಮುಟ್ಟಿ ನೋಡಿದಳು. ಅಮ್ಮನಿಗೆ ಬಿಸಿನೀರು ತರಲು ಹೇಳಲು ತಿರುಗಿದವಳು, ಯಾಕೋ ತಡೆದು, ಅಪ್ಪನಿಗೆ ಹೇಳಿದಳು. ಇಂಗು ತೇಯ್ದು ಹೊಕ್ಕುಳ ಸುತ್ತ ಹಚ್ಚಿ, ಬಟ್ಟೆ ಬೆಚ್ಚಗೆ ಮಾಡಿ ಒತ್ತಿದಳು. ಕೂಸು ದೊಡ್ಡದೊಂದು ತೇಗು ತೇಗಿ, ಅಜ್ಜಿಯ ಸೀರೆಯ ಮೇಲೆಲ್ಲ ಹಾಲು ಕಕ್ಕಿ, ಅವಳ ಕಾಲ ಮೇಲೇ ಮಲಗಿಬಿಟ್ಟಿತು. ಎಷ್ಟೋ ಕೂಸುಗಳು ಕಕ್ಕಿದ ಹಾಲನ್ನು ಕಂಡಿದ್ದ ಅಜ್ಜಿ ಆವತ್ತು ಸೀರೆ ಒರೆಸಿಕೊಳ್ಳಲೂ ಇಲ್ಲ. ಅವಳ ಮುಖ ಅರಳಿತ್ತು. ಆ ಹೆಂಗಸು ಎರಡು ಕೈ ಮುಗಿದು, ಮತ್ತೆ ಅತ್ತರೆ ಏನು ಮಾಡಲಿ ಅಂತ ಕೇಳಿದಳು.

"ಪೊದ್ದುನ ಮಳ್ಳೀ ತೀಸ್ಕೋನಿ ರಾ," ಅಂದಳು ಅಜ್ಜಿ. ಬೆಳಗ್ಗೆ ಮತ್ತೆ ಕರೆದುಕೊಂಡು ಬಾ ಅಂತ. ಆಮೇಲೆ, ಅದೇನೂ ದೊಡ್ಡ ಮಾತಲ್ಲ ಅನ್ನುವ ಹಾಗೆ ಸೇರಿಸಿದಳು. "ನೇನಿಕ್ಕಡೇ ಉಂಟಾನು."

ನಾನು ಇಲ್ಲೇ ಇರುತ್ತೇನೆ. ನನಗೆ ತೆಲುಗು ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಆ ಮಾತು ಎಷ್ಟು ಚೆನ್ನಾಗಿ ಅರ್ಥವಾಯಿತು! ನಾನು ಅಮ್ಮನನ್ನು ನೋಡಿದೆ. ಅಮ್ಮ ಜೋಡಿಸಿದ್ದ ತಟ್ಟೆಗಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮೆಲ್ಲಗೆ ಒಂದು ತಟ್ಟೆ ತೆಗೆದು ಮತ್ತೆ ಚಾಪೆಯ ಮೇಲೆ ಇಟ್ಟಳು.

ಸುದ್ದಿ ಹೇಗೆ ಹರಡಿತೋ, ಸಂಜೆಯೊಳಗೆ ಐದಾರು ಜನ ಬಂದರು. ಮಂಡಿ ನೋವಿನ ಮುದುಕಿಯೊಬ್ಬಳು, ಕಿವಿ ಸೋರುವ ಹುಡುಗಿ, ಏನೂ ಇಲ್ಲದೆ ಸುಮ್ಮನೆ ನೋಡಲು ಬಂದವರು. ಅಜ್ಜಿ ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಗೊತ್ತಿಲ್ಲದ್ದಕ್ಕೆ, ಕಿವಿಯನ್ನು ಮಾತ್ರ ನಾನು ಮುಟ್ಟಲ್ಲಮ್ಮ, ದೊಡ್ಡಾಸ್ಪತ್ರೆಗೆ ತೋರಿಸು, ಅಂತ ಖಡಾಖಂಡಿತವಾಗಿ ಹೇಳಿದಳು. ನಾವು ಹುಳ ಸಾಕುವವರು ಅಂತಲೂ ಅವಳೇ ಹೇಳಿಬಿಟ್ಟಳು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬರು ಅವರೆಕಾಯಿ ತಂದುಕೊಟ್ಟರು, ಕೂಸಿನ ಮನೆಯಿಂದ ಒಂದು ಚೊಂಬು ಹಾಲು ಬಂತು. ಬಂದ ಹೆಂಗಸರೇ ಅಪ್ಪನ ಮುದ್ದೆಯ ಗತಿ ನೋಡಿ ನಕ್ಕು, ಹಿಟ್ಟು ಕೂಡಿಸಿ ತಿರುವಿಕೊಟ್ಟರು. ಅವರೆಕಾಳಿನ ಹುಳಿಯ ಜೊತೆ ನಾವು ಐವರೂ ದುಂಡಗೆ ಕೂತು ಉಂಡೆವು. ಒಟ್ಟಿಗೆ ಐದು ತಟ್ಟೆ ಹಾಕಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅಮ್ಮ ಎಡಗೈ ನೆಲಕ್ಕೆ ಊರಿ ನಿಧಾನವಾಗಿ ಉಂಡಳು, ಎರಡನೇ ಸಲ ಹುಳಿ ಹಾಕಿಸಿಕೊಂಡಳು. ಅವಳಿಗೆ ಅವರೆಕಾಳು ಇಷ್ಟ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕತ್ತಲಾಗುತ್ತಿದ್ದ ಹಾಗೆ ಬಂಡೆಯ ಪಕ್ಕ ಸಾಲಾಗಿ ಚಾಪೆ ಹಾಸಿದೆವು. ಅಮ್ಮನನ್ನು ಎಲ್ಲರಿಗಿಂತ ಆ ಕಡೆ, ಬಂಡೆಯ ಮರೆಗೆ ಮಲಗಿಸಿದವಳು ಅಜ್ಜಿಯೇ. ಗಾಳಿ ಬಡಿಯುತ್ತೆ, ಅಲ್ಲಿ ಮಲ್ಕೋ, ಅಂದಳು. ಆಮೇಲಿನದು ನನಗೆ ಗೊತ್ತಿಲ್ಲ, ಬಂಡೆ ಹತ್ತಿ ಹತ್ತಿ ದಣಿದಿದ್ದ ನಾನು ಬಿದ್ದಕೂಡಲೇ ಮಲಗಿದ್ದೆ.

ಬೆಳಗಿನ ಜಾವ ಮೊದಲ ಸೊಪ್ಪಿನ ಹೊತ್ತಿಗೆ ಅಪ್ಪ ಎದ್ದ, ಅಜ್ಜಿ ಎದ್ದಳು, ನಾನೂ ಎದ್ದೆ. ಯಾರೂ ಎಬ್ಬಿಸದೆಯೇ ನಮ್ಮ ಮೈಗೆ ಆ ಹೊತ್ತು ಗೊತ್ತಿತ್ತು. ಅಮ್ಮ ಏಳಲಿಲ್ಲ. ಒಂದು ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಮಂಜ ಮಲಗುವ ಹಾಗೇ ಮಲಗಿದ್ದಳು. ನಾನು ಹತ್ತಿರ ಕೂತು ನೋಡಿದೆ. ಅವಳ ಮುಖದಲ್ಲಿ ಯಾವ ಅವಸರವೂ ಇರಲಿಲ್ಲ, ಅದರಿಂದ ಬೇರೆ ಯಾರೋ ಅನ್ನಿಸುತ್ತಿದ್ದಳು. ಅಪ್ಪ ಸೌದೆ ಮುರಿಯಲು ಹೋದರೆ ಅಜ್ಜಿ ಕಣ್ಣು ಕೆಕ್ಕರಿಸಿದಳು. ಅವನು ಸೌದೆಯನ್ನು ಏರಿಯ ಆಚೆ ಒಯ್ದು ಮುರಿದುಕೊಂಡು ಬಂದ. ಮಂಜ ಎದ್ದು ಹಸಿವು ಅಂತ ರಾಗ ತೆಗೆಯುವ ಮುಂಚೆಯೇ ಅವನ ಬಾಯಿಗೆ ಬೆಲ್ಲದ ಅಚ್ಚು ಬಿತ್ತು. ಕುರಿ ಹೊಡೆದುಕೊಂಡು ಬಂದ ಒಬ್ಬ ಹೋ ಹೋ ಅಂತ ಕೂಗುತ್ತಿದ್ದ. ಅಜ್ಜಿ ಬರಿಗಾಲಲ್ಲಿ ಅವನ ಹತ್ತಿರದವರೆಗೂ ಹೋದಳು.

"ಮೆತ್ತಗಪ್ಪಾ. ನಮ್ಮ ಸೊಸೆ ಮಲಗವ್ಳೆ."

ಆ ಕುರಿಯವನು ಬಾಯಿ ಮುಚ್ಚಿಕೊಂಡು, ಕುರಿಗಳನ್ನು ಅಷ್ಟು ದೂರದಿಂದ ಸುತ್ತಿ ಹೊಡೆದುಕೊಂಡು ಹೋದ. ಕೂಸಿನ ತಾಯಿ ಬಂದಳು. ಕೂಸು ರಾತ್ರಿಯಿಡೀ ಮಲಗಿತ್ತಂತೆ. ಖುಷಿಯಲ್ಲಿ ಏರಿಯ ಮೇಲಿಂದಲೇ ಅವ್ವಾ ಅಂತ ಕೂಗಿದಳು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು. ಆ ಹೆಂಗಸು ಅಮ್ಮನನ್ನು ನೋಡಿದಳು, ಬಂದು ಸದ್ದಿಲ್ಲದೆ ನಮ್ಮ ಜೊತೆ ಕೂತಳು. ಹೀಗೆ ನಾವೆಲ್ಲ ಅಮ್ಮನ ಸುತ್ತ, ಮಾತಿಲ್ಲದೆ, ಬಿಸಿ ಹಾಲು ಊದಿ ಊದಿ ಕುಡಿಯುತ್ತಾ ಕೂತಿದ್ದೆವು. ಬಿಸಿಲು ಬಂಡೆ ದಾಟಿ ಅಮ್ಮನ ಕಾಲಿಗೆ ಬಂತು, ಸೊಂಟಕ್ಕೆ ಬಂತು. ಮುಖಕ್ಕೆ ಬರುವ ಹೊತ್ತಿಗೆ ಅಜ್ಜಿ ಎದ್ದು ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಸೆರಗನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದಳು. ಅಪ್ಪ ಎದ್ದು ನಾನು ಹಿಡಿಯುತ್ತೇನೆ ಅಂತ ಸನ್ನೆ ಮಾಡಿದ. ಅಜ್ಜಿ ಬೇಡ ಅಂತ ತಲೆಯಾಡಿಸಿದಳು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಇದ್ದಕ್ಕಿದ್ದಂತೆ ಅಮ್ಮ ಬೆಚ್ಚಿಬಿದ್ದು ಎದ್ದು ಕೂತಳು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕೈ ಆಗಲೇ ಜಡೆ ಕಟ್ಟುತ್ತಿತ್ತು.

"ಅಯ್ಯೋ, ಸೊಪ್ಪು! ಹೊತ್ತಾಗೋಯ್ತು, ಸೊಪ್ಪು..."

"ಯಾವ ಸೊಪ್ಪೂ ಇಲ್ಲ, ಯಾವ ಹುಳಾನೂ ಇಲ್ಲ," ಅಂದಳು ಅಜ್ಜಿ. "ಇನ್ನೂ ಹೊತ್ತೈತೆ. ಮಲ್ಕೋ ಮಗಳೇ."

ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಅಮ್ಮ ಅಜ್ಜಿಯ ಮುಖ ನೋಡಿದಳು. ಕಟ್ಟುತ್ತಿದ್ದ ಜಡೆಯನ್ನು ಅರ್ಧಕ್ಕೇ ಬಿಟ್ಟು, ಆ ಕಡೆ ಮಗ್ಗುಲಾಗಿ, ಮತ್ತೆ ಮಲಗಿಬಿಟ್ಟಳು. ಅಜ್ಜಿ ಬಿಸಿಲು ಬಂದ ಕಡೆಗೆ ಒಂದು ಹೆಜ್ಜೆ ಸರಿದು ನಿಂತಳು, ಸೆರಗನ್ನು ಇಳಿಸಲಿಲ್ಲ.